ಬಾಂಬೋ, ಭೂಕಂಪವೋ? ಶೀತಲ ಸಮರದ ನೆಲದಡಿಯ ಜಗಳ

ಅಮೆರಿಕ ಕೇಳಿದ್ದು ಏಳು. ಸೋವಿಯತ್ ಒಕ್ಕೂಟ ಒಪ್ಪಿದ್ದು ಮೂರು. ಅಣುಬಾಂಬ್ ಪರೀಕ್ಷೆಗಳನ್ನು ಪೂರ್ತಿ ನಿಲ್ಲಿಸುವ ಮಾತುಕತೆ 1963ರಲ್ಲಿ ಮುರಿದುಬಿದ್ದದ್ದು ಈ ಎರಡು ಸಂಖ್ಯೆಗಳ ನಡುವೆ. ಸಂಶಯ ಬಂದರೆ ವರ್ಷಕ್ಕೆ ಎಷ್ಟು ಸಲ ಎದುರಾಳಿಯ ನೆಲಕ್ಕೇ ಹೋಗಿ ತಪಾಸಣೆ ಮಾಡಬಹುದು ಅನ್ನುವುದೇ ತಕರಾರು. ಸೋವಿಯತ್ ನಾಯಕ ಕ್ರುಶ್ಚೇವ್ ಪಾಲಿಗೆ ತಪಾಸಣೆ ಅಂದರೆ ಬೇಹುಗಾರಿಕೆ. ತಪಾಸಣೆಯೇ ಇಲ್ಲದ ಒಪ್ಪಂದವನ್ನು ಸೆನೆಟ್ ಒಪ್ಪುವುದಿಲ್ಲ ಅನ್ನುವುದು ಅಮೆರಿಕದ ಅಧ್ಯಕ್ಷ ಕೆನಡಿಯ ಕಷ್ಟ. ಕೊನೆಗೆ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿ ಬಿದ್ದ ಒಪ್ಪಂದ ಗಾಳಿಯಲ್ಲಿ, ನೀರಿನಡಿಯಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ಬೇಡ ಎಂದಿತು. ನೆಲದಡಿಯದ್ದನ್ನು ಬಿಟ್ಟುಬಿಟ್ಟಿತು. ಆಮೇಲೆ ಸುಮಾರು ಮೂರು ದಶಕ ಎರಡೂ ದೇಶಗಳು ನೂರಾರು ಬಾಂಬುಗಳನ್ನು ನೆಲದೊಳಗೆ ಹೂತು ಸಿಡಿಸಿದವು.

ಶೀತಲ ಸಮರ ಅಂದ ಕೂಡಲೇ ಎಲ್ಲರೂ ಸ್ಪುಟ್ನಿಕ್, ಚಂದ್ರಯಾನ, ಬರ್ಲಿನ್ ಗೋಡೆ ಅನ್ನುತ್ತಾರೆ. ನನಗೆ ಅವೆಲ್ಲಕ್ಕಿಂತ ರೋಚಕ ಅನ್ನಿಸುವುದು ಈ ನೆಲದಡಿಯ ಜಗಳ. ಯಾಕೆಂದರೆ ಬಂಡವಾಳಶಾಹಿ, ಕಮ್ಯುನಿಸಂ ಎಲ್ಲ ಪಕ್ಕಕ್ಕಿಟ್ಟು ನೋಡಿದರೆ ಇದರ ಬುಡದಲ್ಲಿ ಇದ್ದದ್ದು ಒಂದೇ ವಿಜ್ಞಾನದ ಪ್ರಶ್ನೆ. ಸಾವಿರಾರು ಕಿಲೋಮೀಟರ್ ಆಚೆ ನೆಲ ನಡುಗಿದರೆ, ಅದು ಭೂಕಂಪವೋ ಬಾಂಬೋ ಅಂತ ಇಲ್ಲಿ ಕೂತು ಹೇಳಬಹುದಾ?

ಹೇಳಬಹುದು. ಹೇಗೆ ಅಂತ ನೋಡೋಣ.

ಭೂಕಂಪದಲ್ಲಿ ಬಂಡೆಯ ಎರಡು ಪಕ್ಕಗಳು ಒಂದಕ್ಕೊಂದು ಉಜ್ಜಿಕೊಂಡು ಜಾರುತ್ತವೆ. ಜಾರುವ ಪಕ್ಕ ತನ್ನ ಮುಂದಿರುವ ನೆಲವನ್ನು ತಳ್ಳುತ್ತದೆ, ಹಿಂದಿರುವುದನ್ನು ಎಳೆಯುತ್ತದೆ. ಹಾಗಾಗಿ ಒಂದು ದಿಕ್ಕಿನ ಊರುಗಳ ಭೂಕಂಪಮಾಪಕದಲ್ಲಿ ಮೊದಲ ಗೆರೆ ಮೇಲಕ್ಕೆ ಹಾರಿದರೆ, ಇನ್ನೊಂದು ದಿಕ್ಕಿನಲ್ಲಿ ಕೆಳಕ್ಕೆ ಬೀಳುತ್ತದೆ. ಬಾಂಬ್ ಹಾಗಲ್ಲ. ಅದು ಸುತ್ತಲೂ ಒಂದೇ ಸಮ ತಳ್ಳುತ್ತದೆ, ಯಾವ ಕಡೆಗೂ ಎಳೆಯುವುದಿಲ್ಲ. ಎಲ್ಲ ಊರಲ್ಲೂ ಮೊದಲ ಗೆರೆ ಮೇಲಕ್ಕೇ. ಕೇಳಲು ಎಷ್ಟು ಸುಲಭ ಅಲ್ವಾ? ತೊಂದರೆ ಏನೆಂದರೆ, ಸಣ್ಣ ಬಾಂಬಿನ ಮೊದಲ ಗೆರೆ ಗಾಳಿ, ಸಮುದ್ರ, ಲಾರಿಗಳು ಎಬ್ಬಿಸುವ ನೆಲದ ಗಲಾಟೆಯಲ್ಲಿ ಮುಳುಗಿಹೋಗುತ್ತದೆ. 1957ರ ಸೆಪ್ಟೆಂಬರ್ 19ರಂದು ಅಮೆರಿಕ ನೆವಾಡಾದ ಗುಡ್ಡವೊಂದರ ಒಳಗೆ ಸಿಡಿಸಿದ 'ರೇನಿಯರ್' ಬಾಂಬಿನ ಬಲ ಕೇವಲ 1.7 ಕಿಲೋಟನ್, ಅಂದರೆ 1,700 ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ. ಮರುವರ್ಷ ಜಿನೀವಾದಲ್ಲಿ ಎರಡೂ ಬಣದ ತಜ್ಞರು ಸೇರಿ, ಜಗತ್ತಿನಾದ್ಯಂತ 160ರಿಂದ 170 ಕೇಂದ್ರಗಳಿದ್ದರೆ ಸಾಕು ಅಂದರು. ಅವರು ನಂಬಿಕೊಂಡಿದ್ದ ಮುಖ್ಯ ಸುಳಿವು ಈ ಮೊದಲ ಗೆರೆಯೇ. ಆಮೇಲಿನ ಪರೀಕ್ಷೆಗಳನ್ನು ನೋಡಿದಾಗ ಅದು ಅಷ್ಟು ಸಲೀಸಲ್ಲ ಅಂತ ಗೊತ್ತಾಯಿತು.

ಆದರೆ ಇನ್ನೂ ಗಟ್ಟಿಯಾದ ಸುಳಿವು ಒಂದಿದೆ. ಬಾಂಬ್ ಒಂದು ಕ್ಷಣದಲ್ಲಿ, ಒಂದು ಚಿಕ್ಕ ಜಾಗದಲ್ಲಿ ಮುಗಿದುಹೋಗುತ್ತದೆ. ಭೂಕಂಪದಲ್ಲಿ ಕಿಲೋಮೀಟರುಗಟ್ಟಲೆ ಬಂಡೆ ಸೆಕೆಂಡುಗಟ್ಟಲೆ ಜಾರುತ್ತದೆ. ಈ ನಿಧಾನದ ಜಾರಾಟ ಭೂಮಿಯ ಮೇಲ್ಪದರದಲ್ಲಿ ಉದ್ದುದ್ದನೆಯ ಅಲೆಗಳನ್ನು ಜೋರಾಗಿ ಎಬ್ಬಿಸುತ್ತದೆ. ಬಾಂಬಿಗೆ ಅದು ಆಗುವುದಿಲ್ಲ. ಹಾಗಾಗಿ ಭೂಮಿಯ ಒಳಗಿಂದ ಬರುವ ಮೊದಲ ಅಲೆಯ ಬಲವನ್ನೂ ಮೇಲ್ಪದರದ ಅಲೆಯ ಬಲವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆಯ್ತು. ಮೊದಲನೆಯದು ಜೋರಾಗಿದ್ದು ಎರಡನೆಯದು ತೀರಾ ಸಣ್ಣದಾಗಿದ್ದರೆ ಬಾಂಬ್ ಅಂತ ಅನುಮಾನ ಪಡಬೇಕು.

ಇನ್ನು ಆಳ. ಮನುಷ್ಯ ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾದಲ್ಲಿದೆ, 12 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಬಾಂಬುಗಳನ್ನು ಹೂಳುವುದು ಅದಕ್ಕಿಂತ ಎಷ್ಟೋ ಮೇಲೆ. ದೆಹಲಿಯ ಫ್ಯಾನುಗಳನ್ನು ತೂಗಾಡಿಸುವ ಹಿಂದೂಕುಶ್ ಭೂಕಂಪಗಳು ಎಷ್ಟೋ ಸಲ 200 ಕಿಲೋಮೀಟರ್ ಆಳದಿಂದ ಬರುತ್ತವೆ. ಆದರೂ ಪ್ರತಿ ಸಲ ನೆಲ ಅಲುಗಾಡಿದಾಗ 'ಇದು ಭೂಕಂಪ ಅಲ್ಲ, ರಹಸ್ಯ ಅಣುಪರೀಕ್ಷೆ' ಅನ್ನುವ ವಾಟ್ಸಾಪ್ ಸಂದೇಶ ಊರೆಲ್ಲ ಸುತ್ತುತ್ತದೆ. ಓದಿದವರೂ ಅದನ್ನು ಸುಮ್ನೆ ಮುಂದಕ್ಕೆ ತಳ್ಳುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ. 200 ಕಿಲೋಮೀಟರ್ ಆಳಕ್ಕೆ ಬಾಂಬ್ ಇಳಿಸುವವರು ಯಾರು? ಆ ಆಳ ಎಷ್ಟು ಅಂತ ಅದೇ ದಿನದ ಸುದ್ದಿಯಲ್ಲೇ ಬಂದಿರುತ್ತದೆ.

ಈ ಸುಳಿವುಗಳನ್ನೆಲ್ಲ ಬಳಸಬೇಕಾದರೆ ಒಳ್ಳೆಯ ಉಪಕರಣ ಬೇಕು. ಅದುವರೆಗೆ ಒಂದೊಂದು ವೀಕ್ಷಣಾಲಯದಲ್ಲಿ ಒಂದೊಂದು ಥರದ ಭೂಕಂಪಮಾಪಕ, ಒಂದೊಂದು ಥರದ ಗಡಿಯಾರ. ಒಂದರ ಗೆರೆಯನ್ನು ಇನ್ನೊಂದರ ಜೊತೆ ಹೋಲಿಸುವುದೇ ಕಷ್ಟ. 1960ರ ದಶಕದ ಶುರುವಿನಲ್ಲಿ ಅಮೆರಿಕ ಧಾರಾಳವಾಗಿ ದುಡ್ಡು ಸುರಿದು, ನೂರಕ್ಕೂ ಹೆಚ್ಚು ಕಡೆ ಒಂದೇ ಮಾದರಿಯ ಭೂಕಂಪಮಾಪಕಗಳನ್ನು ಕೂರಿಸಿತು. ಶಿಲ್ಲಾಂಗ್, ದೆಹಲಿ, ಪುಣೆ, ಕೊಡೈಕೆನಾಲ್‌ಗೂ ಅವು ಬಂದವು. ದಾಖಲೆಗಳ ಪ್ರತಿ ಕೇಳಿದ ವಿಜ್ಞಾನಿಗಳಿಗೆಲ್ಲ ಸಿಗುತ್ತಿತ್ತು. ಬಾಂಬ್ ಹಿಡಿಯಲು ಹಾಕಿದ ಬಲೆಯಲ್ಲಿ ಭೂಮಿಯ ಗುಟ್ಟೇ ಸಿಕ್ಕಿಬಿತ್ತು! ಸಾಗರದ ನಡುವಿನ ಏಣುಗಳಲ್ಲಿ, ಅಂದರೆ ನೀರಿನಡಿಯ ಬೆಟ್ಟಸಾಲುಗಳಲ್ಲಿ, ಬಂಡೆ ಯಾವ ಕಡೆಗೆ ಜಾರುತ್ತದೆ ಅಂತ 1967ರಲ್ಲಿ ಅಮೆರಿಕದ ಭೂಕಂಪ ವಿಜ್ಞಾನಿ ಲಿನ್ ಸೈಕ್ಸ್ ತೋರಿಸಿದ್ದು ಈ ಉಪಕರಣಗಳ ಗೆರೆಗಳಿಂದಲೇ. ಖಂಡಗಳು ಸರಿಯುತ್ತವೆ ಅನ್ನುವುದನ್ನು ನಂಬದೆ ಕೂತಿದ್ದ ಎಷ್ಟೋ ಜನ ಆಗ ಒಪ್ಪಿಕೊಂಡರು.

ನಮ್ಮ ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಗೌರಿಬಿದನೂರು ಅಂದರೆ ಹೆಚ್ಚಿನವರಿಗೆ ವಿದುರಾಶ್ವತ್ಥ ನೆನಪಾಗುತ್ತದೆ, ವಿಜ್ಞಾನ ಓದಿದವರಿಗೆ ರೇಡಿಯೋ ದೂರದರ್ಶಕ. ಆದರೆ 1960ರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದಿಂದ ಅಲ್ಲಿ ಭೂಕಂಪಮಾಪಕಗಳ ಒಂದು ದೊಡ್ಡ ಸಾಲೂ ತಲೆಯೆತ್ತಿತು. ಇಂಗ್ಲಿಷ್ 'ಎಲ್' ಅಕ್ಷರದ ಆಕಾರ, ಎರಡು ತೋಳು, ಒಂದೊಂದೂ 20 ಕಿಲೋಮೀಟರಿಗಿಂತ ಉದ್ದ, ಒಟ್ಟು 20 ಮಾಪಕಗಳು. ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾದಲ್ಲೂ ಇದರ ಒಡಹುಟ್ಟಿದವು ಇವೆ. ಇದನ್ನು ನಡೆಸುವುದು ಭಾಭಾ ಅಣು ಸಂಶೋಧನಾ ಕೇಂದ್ರ. ಇದರ ಕೆಲಸ ಹೀಗೆ: ದೂರದಿಂದ ಬಂದ ಅಲೆ ಒಂದು ಮಾಪಕಕ್ಕೆ ಮೊದಲು ತಾಗುತ್ತದೆ, ಕೊನೆಯದಕ್ಕೆ ಒಂದೆರಡು ಸೆಕೆಂಡು ತಡವಾಗಿ. ಆ ವ್ಯತ್ಯಾಸದಿಂದ ಅಲೆ ಯಾವ ದಿಕ್ಕಿನಿಂದ, ಎಷ್ಟು ಕಡಿದಾಗಿ ಬಂತು ಅಂತ ಗೊತ್ತಾಗುತ್ತದೆ. ಆಮೇಲೆ ತಡವನ್ನು ಸರಿಪಡಿಸಿ 20 ಗೆರೆಗಳನ್ನೂ ಕೂಡಿಸುತ್ತಾರೆ. ಅಲೆ ಅಲೆಯ ಜೊತೆ ಸೇರಿ ದೊಡ್ಡದಾಗುತ್ತದೆ, ಗದ್ದಲ ಒಂದನ್ನೊಂದು ಹೊಡೆದುಹಾಕಿಕೊಳ್ಳುತ್ತದೆ. ಒಂದು ಮಾಪಕಕ್ಕೆ ಕೇಳಿಸದ ನಡುಕ ಸಾಲಿಗೆ ಕೇಳಿಸುವುದು ಹೀಗೆ. ಕೆಳಗಿರುವುದು ಕೋಟಿಗಟ್ಟಲೆ ವರ್ಷ ಹಳೆಯ ಗಟ್ಟಿ ಬಂಡೆ, ಅದೂ ಅನುಕೂಲವೇ. 1998ರ ಮೇ 28ರ ಪಾಕಿಸ್ತಾನದ ಪರೀಕ್ಷೆ ಇಲ್ಲಿ ದಾಖಲಾಗಿದೆ.

ಈ ಹಳೆಯ ಬಂಡೆಯ ವಿಷಯ ಇನ್ನೊಂದು ಕಡೆ ದೊಡ್ಡ ರಾದ್ಧಾಂತಕ್ಕೆ ಕಾರಣವಾಯಿತು. ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು.

1974ರ ಜುಲೈಯಲ್ಲಿ ಎರಡೂ ದೇಶಗಳು 150 ಕಿಲೋಟನ್‌ಗಿಂತ ದೊಡ್ಡ ಬಾಂಬನ್ನು ನೆಲದಡಿಯೂ ಸಿಡಿಸಬಾರದು ಅಂತ ಸಹಿ ಹಾಕಿದವು. ಆದರೆ ಕಝಾಕ್‌ಸ್ತಾನದಲ್ಲಿದ್ದ ಸೋವಿಯತ್ ಪರೀಕ್ಷಾ ನೆಲೆ ಸೆಮಿಪಲಾತಿನ್ಸ್ಕ್‌ನಿಂದ ಬಂದ ಅಲೆಗಳ ತೀವ್ರತೆ ಕೆಲವು ಸಲ 6.1ರ ಆಸುಪಾಸು ಇರುತ್ತಿತ್ತು. ನೆವಾಡಾದಲ್ಲಿ 150 ಕಿಲೋಟನ್ ಸಿಡಿಸಿದರೆ ಬರುವುದು ಸುಮಾರು 5.7 ಮಾತ್ರ. ನೆವಾಡಾದ ಲೆಕ್ಕವನ್ನೇ ಅಲ್ಲಿಗೂ ಹಾಕಿದರೆ ಸೋವಿಯತ್ ಬಾಂಬು ಮಿತಿಗಿಂತ ಮೂರು ಪಟ್ಟು ದೊಡ್ಡದು ಅಂತ ಬರುತ್ತದೆ. ರೇಗನ್ ಸರ್ಕಾರ 1984ರಲ್ಲಿ ಸೋವಿಯತ್ ಒಕ್ಕೂಟ ಮಿತಿ ಮೀರಿರುವ ಸಾಧ್ಯತೆ ಇದೆ ಅಂತ ಸಂಸತ್ತಿಗೆ ವರದಿ ಕೊಟ್ಟಿತು.

ಸೈಕ್ಸ್ ಮತ್ತು ಇನ್ನೂ ಹಲವು ಭೂಕಂಪ ವಿಜ್ಞಾನಿಗಳು ಇಲ್ಲ ಅಂದರು. ತಪ್ಪು ಲೆಕ್ಕದ್ದು, ನೆವಾಡಾದ ಅಡಿಯಲ್ಲಿರುವ ಬಂಡೆಯದ್ದು. ಆ ಭಾಗದಲ್ಲಿ ಭೂಮಿಯ ಹೊರಪದರ ಹಿಗ್ಗಿ ತೆಳ್ಳಗಾಗಿದೆ, ಕೆಳಗಿನ ಬಂಡೆ ಬಿಸಿಯಾಗಿದೆ. ಗಟ್ಟಿ ಬೆಲ್ಲದ ಅಚ್ಚಿನ ಒಂದು ತುದಿಗೆ ತಟ್ಟಿದರೆ ಇನ್ನೊಂದು ತುದಿಯಲ್ಲಿ ಕೈಗೆ ಗೊತ್ತಾಗುತ್ತದೆ, ಬಿಸಿಗೆ ಮೆತ್ತಗಾದ ಬೆಲ್ಲಕ್ಕೆ ತಟ್ಟಿದರೆ ಏಟು ಅಲ್ಲೇ ಇಂಗಿಹೋಗುತ್ತದೆ. ಅದೇ ರೀತಿ ನೆವಾಡಾದ ಬಿಸಿ ಬಂಡೆ ಅಲೆಯ ಬಲವನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಸೆಮಿಪಲಾತಿನ್ಸ್ಕ್‌ನ ಅಡಿ ಹಳೆಯ, ತಣ್ಣಗಿನ, ಗಟ್ಟಿ ಬಂಡೆ. ಅಲ್ಲಿಂದ ಅಲೆ ಹೆಚ್ಚು ನಷ್ಟವಿಲ್ಲದೆ ಹೊರಡುತ್ತದೆ. ಒಂದೇ ಬಾಂಬ್, ಎರಡು ಬೇರೆ ತೀವ್ರತೆ!

ಇದನ್ನು ನೆಲದ ಮೇಲೇ ಅಳೆದು ನೋಡುವ ದಾರಿ ತೆರೆದದ್ದು ಸರ್ಕಾರಗಳಲ್ಲ. ಸೋವಿಯತ್ ನಾಯಕ ಗೊರ್ಬಚೇವ್ ಪರೀಕ್ಷೆಗಳನ್ನು ತಾವಾಗಿಯೇ ನಿಲ್ಲಿಸಿದ್ದ ಕಾಲ ಅದು. 1986ರಲ್ಲಿ ಅಮೆರಿಕದ ಒಂದು ಖಾಸಗಿ ಪರಿಸರ ಸಂಸ್ಥೆ ಮತ್ತು ಸೋವಿಯತ್ ವಿಜ್ಞಾನ ಅಕಾಡೆಮಿ ಕೈಜೋಡಿಸಿದವು. ಆ ಜುಲೈಯಲ್ಲಿ ಅಮೆರಿಕದ ವಿಜ್ಞಾನಿಗಳು ಸೆಮಿಪಲಾತಿನ್ಸ್ಕ್ ಸುತ್ತಮುತ್ತ, ಕರ್ಕರಲಿನ್ಸ್ಕ್ ಎಂಬ ಊರಿನ ಗ್ರಾನೈಟ್ ಬಂಡೆಯ ಮೇಲೂ, ತಮ್ಮ ಮಾಪಕಗಳನ್ನು ಇಟ್ಟರು. ನೆಲದ ಗದ್ದಲ ಅಲ್ಲಿ ಬಹಳ ಕಡಿಮೆ, ಅಲೆಗಳು ಬಹಳ ಚೆನ್ನಾಗಿ ಸಾಗುತ್ತವೆ ಅಂತ ಗೊತ್ತಾಯಿತು.

1988ರಲ್ಲಿ ಸರ್ಕಾರಗಳೂ ಮುಂದೆ ಬಂದವು. ಆಗಸ್ಟ್ 17ರಂದು ನೆವಾಡಾದಲ್ಲಿ ಸೋವಿಯತ್ ತಜ್ಞರ ಎದುರಿಗೆ, ಸೆಪ್ಟೆಂಬರ್ 14ರಂದು ಸೆಮಿಪಲಾತಿನ್ಸ್ಕ್‌ನಲ್ಲಿ ಅಮೆರಿಕದ ತಜ್ಞರ ಎದುರಿಗೆ ಬಾಂಬ್ ಸಿಡಿಯಿತು. ಬಲ ಅಳೆಯಲು ಅಮೆರಿಕದವರು ಬಳಸಿದ ಉಪಾಯ ಬಹಳ ಚೆಂದ. ಬಾಂಬಿನ ಬಾವಿಯ ಪಕ್ಕದಲ್ಲೇ ಇನ್ನೊಂದು ಕೊಳವೆಬಾವಿ ಕೊರೆದು ಒಂದು ಕೇಬಲ್ ಇಳಿಬಿಡುತ್ತಾರೆ. ಮೇಲಿನಿಂದ ಅದರೊಳಗೆ ವಿದ್ಯುತ್ ಮಿಡಿತಗಳನ್ನು ಕಳಿಸುತ್ತಲೇ ಇರುತ್ತಾರೆ. ಮಿಡಿತ ತುದಿ ಮುಟ್ಟಿ ವಾಪಸು ಬರುತ್ತದೆ. ಬಾಂಬ್ ಸಿಡಿದಾಗ ಹರಡುವ ಆಘಾತ ಕೇಬಲನ್ನು ಜಜ್ಜುತ್ತಾ ಮೇಲೇರುತ್ತದೆ, ಕೇಬಲ್ ಗಿಡ್ಡವಾಗುತ್ತಾ ಹೋಗುತ್ತದೆ, ಮಿಡಿತ ಬೇಗ ಬೇಗ ವಾಪಸಾಗುತ್ತದೆ. ಎಷ್ಟು ವೇಗವಾಗಿ ಗಿಡ್ಡವಾಯಿತು ಅನ್ನುವುದರಿಂದ ಬಾಂಬಿನ ಬಲ ಸಿಗುತ್ತದೆ. ಭೂಕಂಪ ವಿಜ್ಞಾನಿಗಳ ಮಾತು ಸರಿ ಅಂತ ಕಂಡಿತು. ಹದಿನಾರು ವರ್ಷ ಕಪಾಟಿನಲ್ಲಿದ್ದ 1974ರ ಒಪ್ಪಂದ 1990ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು.

ಅನುಮಾನದ ಚಾಳಿ ಮಾತ್ರ ಸೋವಿಯತ್ ಒಕ್ಕೂಟದ ಜೊತೆ ಹೋಗಲಿಲ್ಲ. 1997ರ ಆಗಸ್ಟ್ 16ರಂದು ರಷ್ಯಾದ ಉತ್ತರದ ನೊವಾಯಾ ಝೆಮ್ಲ್ಯಾ ದ್ವೀಪಗಳ ಕಡೆ ಸಣ್ಣ ನಡುಕವಾಯಿತು. ವಾಷಿಂಗ್ಟನ್‌ನಲ್ಲಿ ಅಣುಪರೀಕ್ಷೆ ಅಂತ ಗುಲ್ಲೆದ್ದಿತು. ಅಲೆಗಳು ಬೇರೆ ಬೇರೆ ಕೇಂದ್ರಗಳನ್ನು ಮುಟ್ಟಿದ ಹೊತ್ತನ್ನು ಲೆಕ್ಕ ಹಾಕಿದಾಗ ಸಿಕ್ಕ ಜಾಗ ಪರೀಕ್ಷಾ ನೆಲೆಯಿಂದ ಸುಮಾರು 130 ಕಿಲೋಮೀಟರ್ ಆಚೆ, ಕಾರಾ ಸಮುದ್ರದ ತಳ. ಕೆಲವು ತಿಂಗಳ ಬಳಿಕ ಅಮೆರಿಕದ ಗುಪ್ತಚರ ಸಂಸ್ಥೆಯೇ ಅದು ಅಣುಪರೀಕ್ಷೆ ಅಲ್ಲ ಎಂದು ಒಪ್ಪಿಕೊಂಡಿತು.