ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆ

ಚಾರ್ಮಾಡಿ ಘಾಟಿ ಇಳಿಯುವ ಮುನ್ನ ಬಸ್ಸು ಕೊಟ್ಟಿಗೆಹಾರದಲ್ಲಿ ನಿಲ್ಲುತ್ತದೆ. ನೀರುದೋಸೆ ತಿಂದು, ಕಾಫಿ ಕುಡಿದು, ಮಂಜು ನೋಡಿಕೊಂಡು ಮುಂದೆ ಹೋಗುತ್ತೇವೆ. ಮೂಡಿಗೆರೆ ತಾಲ್ಲೂಕಿನ ಈ ಪುಟ್ಟ ಊರಿನ ಹೆಸರನ್ನು ಒಂದು ಕಪ್ಪೆ 1937ರಿಂದ ಹೊತ್ತುಕೊಂಡಿದೆ. ಈಗ ಅದರ ಪೂರ್ತಿ ಹೆಸರು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಜೀವಿಗಳ ಅಳಿವಿನ ಅಪಾಯವನ್ನು ಗುರುತಿಸುವ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅದು ಅಪಾಯದಲ್ಲಿರುವ ಜೀವಿ.

ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಚಿಕ್ಕಮಗಳೂರು ಆಗ ಕಡೂರು ಜಿಲ್ಲೆ. ಅಲ್ಲಿಂದಲೂ ಕೊಡಗಿನಿಂದಲೂ ತಂದ ಕಪ್ಪೆಗಳನ್ನು ಅವರು ಒಂದೊಂದಾಗಿ ವಿವರಿಸಿದರು. ಆದರೆ ಅವರು ಜೋಪಾನ ಮಾಡಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಇದು ಸಣ್ಣ ನಷ್ಟವಲ್ಲ. ಹೋಲಿಸಿ ನೋಡಲು ಬಾಟಲಿಯಲ್ಲಿ ಕಪ್ಪೆಯೇ ಇಲ್ಲದಿದ್ದರೆ ಹಳ್ಳದಲ್ಲಿ ಕಂಡದ್ದು ಯಾವುದೆಂದು ಹೇಳುವುದು ಹೇಗೆ? ದಶಕಗಳ ಕಾಲ ನಮ್ಮ ಮಲೆನಾಡಿನ ಈ ಗುಂಪಿನ ಕಪ್ಪೆಗಳನ್ನೂ ಸ್ಯಾಕ್ಸಿಕೋಲ ಎಂಬ ಬೇರೆ ಹೆಸರಿನಲ್ಲೇ ಕರೆದರು. ಕಪ್ಪೆ ತಜ್ಞ ಎಸ್.ಡಿ. ಬಿಜು ಮತ್ತು ಸಂಗಡಿಗರು 2014ರಲ್ಲಿ ಇಡೀ ಮೈಕ್ರಿಕ್ಸಾಲಸ್ ಕುಲವನ್ನು ಮರುಪರಿಶೀಲಿಸಿ 14 ಹೊಸ ಪ್ರಭೇದಗಳನ್ನು ಸೇರಿಸಿದ ಮೇಲೆ ಲೆಕ್ಕ 24ಕ್ಕೆ ಬಂತು. ಈ ಕುಲದ ಕಪ್ಪೆ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ.

ಕೊಟ್ಟಿಗೆಹಾರದ ಕಪ್ಪೆ ಗಾತ್ರದಲ್ಲಿ ಹೆಬ್ಬೆರಳಿಗಿಂತ ಚಿಕ್ಕದು, ಬಣ್ಣದಲ್ಲಿ ಒದ್ದೆ ಕಲ್ಲಿನಂಥದೇ. ಮಳೆ ಹಿಂದೆಗೆದು ಹಳ್ಳದ ಬಂಡೆಗಳು ತಲೆ ಎತ್ತಿದಾಗ ಗಂಡು ಒಂದು ಕಲ್ಲು ಹಿಡಿದು ಕೂರುತ್ತದೆ. ಮೊದಲು ಕೂಗು. ಆಮೇಲೆ ಹಿಂಗಾಲಿನಿಂದ ಕಲ್ಲನ್ನು ತಟ್ಟುವುದು. ಎದುರಾಳಿ ಕದಲದಿದ್ದರೆ ಒಂದು ಹಿಂಗಾಲನ್ನು ನಿಧಾನಕ್ಕೆ ಹಿಂದೆ ಚಾಚಿ, ಬೆರಳ ನಡುವಿನ ಬಿಳಿಚು ಪೊರೆಯನ್ನು ಕೊಡೆಯಂತೆ ಬಿಚ್ಚಿ, ಮತ್ತೆ ಮಡಚಿಕೊಳ್ಳುತ್ತದೆ. ನೀರಿನ ಭೋರಿನಲ್ಲಿ ದನಿ ಮುಳುಗಿದರೂ ಈ ಬಿಳುಪು ಕಾಣುತ್ತದೆ. ಕುಣಿಯುವ ಕಪ್ಪೆ ಎಂಬ ಹೆಸರು ಬಂದದ್ದು ಹೀಗೆ. ತೀರಾ ಹತ್ತಿರ ಬಂದವನಿಗೆ ಒದೆಯೂ ಬೀಳುತ್ತದೆ.

ಹೆಣ್ಣಿನ ಕೆಲಸ ಇನ್ನೂ ಬೆರಗಿನದು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳದಲ್ಲಿ ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಅದನ್ನು ಗಮನಿಸಿ 2010ರಲ್ಲಿ ದಾಖಲಿಸಿದರು. ಹೆಣ್ಣು ಹರಿವ ನೀರಿನಡಿಯಲ್ಲೇ ಹಿಂಗಾಲುಗಳಿಂದ ಗುಳಿ ತೋಡಿ, ಮೊಟ್ಟೆಯಿಟ್ಟು, ಜಲ್ಲಿ ಎಳೆದು ಮುಚ್ಚುತ್ತದೆ. ಈ ಕುಲದ ಗೊದಮೊಟ್ಟೆಗಳು ಮರಳಿನೊಳಗೇ ಹುದುಗಿ ಬೆಳೆಯುತ್ತವೆ ಎಂಬುದು ತಿಳಿದದ್ದು 2016ರಲ್ಲಿ. ಅಲ್ಲಿಯವರೆಗೆ ಮರಿಗಳು ಇರುವ ಜಾಗವೇ ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ಈ ಕಪ್ಪೆಗೆ ಬೇಕಾದದ್ದು ನಕ್ಷೆಯಲ್ಲಿ ಹಸಿರು ಬಳಿದ ಕಾಡಷ್ಟೇ ಅಲ್ಲ. ಬತ್ತದ ಹಳ್ಳ, ಅದರ ಮೇಲೆ ಬಾಗಿದ ಮರಗಳ ನೆರಳು, ತಳದಲ್ಲಿ ಶುದ್ಧ ಮರಳು, ಈ ಮೂರೂ ಒಟ್ಟಿಗೆ ಬೇಕು. ರಸ್ತೆ ಅಗಲ ಮಾಡಲು ಗುಡ್ಡ ಕಡಿದಾಗ ಸಡಿಲ ಮಣ್ಣು ಹಳ್ಳಕ್ಕಿಳಿದು ಮರಳಿನ ಸಂದು ಮುಚ್ಚುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದು ಹೆದ್ದಾರಿ ಬಂದಾದಾಗ ವಾಹನಗಳು ನಿಂತದ್ದು ಸುದ್ದಿಯಾಯಿತು. ಆ ಮಣ್ಣು ಹರಿದು ಹೋದ ತೊರೆಗಳಲ್ಲಿ ಏನಾಯಿತೆಂದು ಕೇಳಿದವರು ಎಷ್ಟು ಜನ? ಮಲೆನಾಡಿನ ಹಳ್ಳಗಳಿಗೆ ಕಿರು ಜಲವಿದ್ಯುತ್ ಯೋಜನೆಗಳೂ ಬಂದಿವೆ. ಕೊಳವೆಗೆ ತಿರುಗಿಸಿದ ನೀರು ನಡುವಿನ ಬಂಡೆಗಳನ್ನು ಒಣಗಿಸುತ್ತದೆ.

ತೋಟದವರನ್ನು ದೂರುವುದು ಸುಲಭ, ನ್ಯಾಯವಲ್ಲ. ಮರ ಉಳಿಸಿಕೊಂಡ ಕಾಫಿ ತೋಟದ ಹಳ್ಳಗಳಲ್ಲಿ ನೆರಳು ಇನ್ನೂ ಇದೆ. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ಕಾಫಿಗೆ ನೀರು ಕೊಡಲೇಬೇಕು. ಫೆಬ್ರವರಿ-ಮಾರ್ಚ್‌ನಲ್ಲಿ ಹಳ್ಳದ ಗುಂಡಿಗೆ ಪಂಪಿನ ಪೈಪು ಇಳಿಯುತ್ತದೆ, ಸ್ಪ್ರಿಂಕ್ಲರ್ ತಿರುಗುತ್ತದೆ. ಮಳೆಗಾಲ ಮುಗಿದ ಮೇಲೆ ಹೂತಿಟ್ಟ ಮೊಟ್ಟೆಯಿಂದ ಬಂದ ಮರಿಗಳು ಆಗಲೂ ಆ ಗುಂಡಿಯ ಮರಳಿನಲ್ಲೇ ಇರಬಹುದು. ಗುಂಡಿಯ ತಳ ಕಾಣುವ ಮೊದಲೇ ಪಂಪು ನಿಲ್ಲಿಸಿದರೆ ಅವುಗಳಿಗೆ ಅಷ್ಟು ನೀರು ಉಳಿದೀತು.