ಪದ ಪರಿಚಯ: ರೆಗೆಸ್ಟ್

ಹಳೆಯ ದಾಖಲೆಯ ಪೂರ್ತಿ ಪಾಠ ಕೊಡದೆ, ಯಾರು, ಯಾರಿಗೆ, ಎಂದು, ಎಲ್ಲಿಂದ, ಏನೆಂದು ಬರೆದರು ಎಂಬುದನ್ನಷ್ಟೇ ನಾಲ್ಕಾರು ಸಾಲಿನಲ್ಲಿ ಹೇಳುವ ಟಿಪ್ಪಣಿಗೆ ಜರ್ಮನ್ ಇತಿಹಾಸಕಾರರು ‘ರೆಗೆಸ್ಟ್’ ಎನ್ನುತ್ತಾರೆ. ‘ದಾಖಲಾದವು’ ಎಂಬರ್ಥದ ಲ್ಯಾಟಿನ್ ‘ರೆಗೆಸ್ಟಾ’ ಇದರ ಮೂಲ. ನಮ್ಮ ಶಾಸನ ಸಂಪುಟಗಳಲ್ಲಿ ಪಾಠದ ಜೊತೆ ಬರುವ ಸಾರಾಂಶ ಇದಕ್ಕೆ ಹತ್ತಿರದ ನೆಂಟ. ಆದರೆ ರೆಗೆಸ್ಟ್ ಪಾಠದ ಆಸರೆಯಿಲ್ಲದೆ ತಾನೇ ನಿಲ್ಲಬೇಕು.

ಬಾಲ್ಟಿಕ್ ಇತಿಹಾಸದಲ್ಲಿ ಈ ಕೆಲಸಕ್ಕೆ ಒಳ್ಳೆಯ ಮಾದರಿ ಕಾರ್ಲ್ ಎಡುವಾರ್ಡ್ ನಾಪಿಯರ್‌ಸ್ಕಿ (1793–1864). ಡೋರ್ಪಾಟ್‌ನಲ್ಲಿ, ಅಂದರೆ ಇಂದಿನ ತಾರ್ತುವಿನಲ್ಲಿ, ದೇವತಾಶಾಸ್ತ್ರ ಓದಿ ಲಿವೋನಿಯಾದ (ಇಂದಿನ ಲಾಟ್ವಿಯಾ, ಎಸ್ಟೋನಿಯಾ ಪ್ರದೇಶ) ನೊಯ್-ಪೆಬಾಲ್ಗ್‌ನಲ್ಲಿ ಪಾದ್ರಿಯಾಗಿದ್ದವರು, ಮುಂದೆ ರಿಗಾಕ್ಕೆ ಬಂದರು. ಕ್ಯೋನಿಗ್ಸ್‌ಬೆರ್ಗ್‌ನ (ಇಂದಿನ ಕಲಿನಿನ್‌ಗ್ರಾಡ್) ಟ್ಯೂಟಾನಿಕ್ ಆರ್ಡರ್ ಎಂಬ ಜರ್ಮನ್ ಧಾರ್ಮಿಕ ಯೋಧಸಂಘದ ದಫ್ತರದಲ್ಲಿದ್ದ ಲಿವೋನಿಯಾ ಸಂಬಂಧದ ಕಾಗದಗಳನ್ನು ಲಿವೋನಿಯಾದ ಜಮೀನ್ದಾರ ವರ್ಗ 1816ರ ಹೊತ್ತಿಗೆ ನಕಲು ಮಾಡಿಸಿತ್ತು. ಆ ನಕಲುಗಳ ರಾಶಿಗೆ ನಾಪಿಯರ್‌ಸ್ಕಿ ಸಿದ್ಧಪಡಿಸಿದ ರೆಗೆಸ್ಟ್‌ಗಳ ಪಟ್ಟಿ ‘ಇಂಡೆಕ್ಸ್’ 1833 ಮತ್ತು 1835ರಲ್ಲಿ ಎರಡು ಭಾಗವಾಗಿ ಅಚ್ಚಾಯಿತು.

ಪೂರ್ಣ ರೆಗೆಸ್ಟ್‌ನಲ್ಲಿ ಕ್ರಮಸಂಖ್ಯೆ, ಇಂದಿನ ರೂಪಕ್ಕೆ ತಂದ ತಾರೀಖು, ಊರು, ಬರೆದವರು ಮತ್ತು ಪಡೆದವರು, ವಿಷಯ, ಕೊನೆಗೆ ಮೂಲಪ್ರತಿಯೋ ನಕಲೋ, ಚರ್ಮಪತ್ರವೋ ಕಾಗದವೋ, ಮುದ್ರೆ ಇದೆಯೋ ಇಲ್ಲವೋ ಎಂಬ ವಿವರ ಇರುತ್ತದೆ. ಇದರಲ್ಲಿ ಬೆವರಿಳಿಸುವುದು ತಾರೀಖು. ಮಧ್ಯಯುಗದ ಪತ್ರಗಳಲ್ಲಿ ದಿನವನ್ನು ಹಬ್ಬಕ್ಕೆ ಕಟ್ಟಿ ಹೇಳುವುದೇ ಹೆಚ್ಚು. ‘1410, ಮಾರ್ಟಿನ್ ಹಬ್ಬದ ನಂತರದ ಶುಕ್ರವಾರ’ ಎಂದಿದೆ ಎನ್ನಿ. ಮಾರ್ಟಿನ್ ಹಬ್ಬ ನವೆಂಬರ್ 11. ಅದೇ ವರ್ಷ ಜುಲೈ 15ರ ಟಾನೆನ್‌ಬೆರ್ಗ್ ಕಾಳಗ ನಡೆದದ್ದು ಮಂಗಳವಾರ. ಅಲ್ಲಿಂದ ನವೆಂಬರ್ 11ಕ್ಕೆ 119 ದಿನ, ಸರಿಯಾಗಿ 17 ವಾರ. ಹಾಗಾಗಿ ಹಬ್ಬವೂ ಮಂಗಳವಾರ, ಪತ್ರದ ದಿನ ನವೆಂಬರ್ 14. ಇದು ಆಗ ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗದ ತಾರೀಖು. ಇಂದಿನ ಗ್ರೆಗೋರಿಯನ್‌ಗೆ ಬದಲಿಸುವ ಉತ್ಸಾಹ ಬೇಡ, ಮಧ್ಯಯುಗದ ದಿನಗಳನ್ನು ಹಾಗೇ ಬಿಡುವುದು ರೂಢಿ.

ಇನ್ನೊಂದು ಗುಂಡಿ ವರ್ಷಾರಂಭ. ಕ್ರಿಸ್‌ಮಸ್‌ಗೇ ಹೊಸ ವರ್ಷ ಹಿಡಿಯುವ ಕಡೆ ‘1410ರ ಡಿಸೆಂಬರ್ 27’ ಎಂದರೆ ನಮ್ಮ ಲೆಕ್ಕದಲ್ಲಿ 1409. ಇದನ್ನು ಮರೆತರೆ ಉತ್ತರವೇ ಪತ್ರಕ್ಕಿಂತ ಮೊದಲು ಬಂದಂತೆ ಕಾಣುತ್ತದೆ!

ನಕಲು ನೋಡಿ ಬರೆದ ರೆಗೆಸ್ಟ್‌ಗೆ ನಕಲುಗಾರನ ತಪ್ಪೂ ಇಳಿದು ಬರುತ್ತದೆ. ಸಾರಾಂಶದಲ್ಲಿ ‘ಜಮೀನಿನ ತಕರಾರು’ ಎಂದಷ್ಟೇ ಇದ್ದರೆ ಗಡಿ, ಸಾಕ್ಷಿಗಳ ಹೆಸರು ಎಲ್ಲ ಸೋರಿಹೋಗಿರುತ್ತವೆ. ಉಲ್ಲೇಖಿಸುವವರು ‘ಇಂಡೆಕ್ಸ್’ನ ಸಂಖ್ಯೆ ಕೊಟ್ಟು, 1853ರಿಂದ ಇತಿಹಾಸಕಾರ ಬುಂಗೆ ಹೊರತಂದ ಲಿವೋನಿಯಾ ದಾಖಲೆ ಸಂಪುಟಗಳಲ್ಲಿ ಅದರ ಪೂರ್ತಿ ಪಾಠ ಇದೆಯೇ ಎಂದು ನೋಡಿಯೇ ಮುಂದುವರಿಯಬೇಕು.