ಕ್ಯಾಂಟೀನ್ ಗುತ್ತಿಗೆಯಲ್ಲಿ ಬರೆಯದೆ ಉಳಿಯುವ ಷರತ್ತು

ಹಾಸನದ ಕೈಗಾರಿಕಾ ಪ್ರದೇಶದ ಜವಳಿ ಮತ್ತು ಉಡುಪು ಕಾರ್ಖಾನೆಗಳಂಥ ಕಡೆ ಊಟದ ವ್ಯವಸ್ಥೆಯನ್ನು ಗುತ್ತಿಗೆಗೆ ಕೊಡುವಾಗ, ತಟ್ಟೆಗೆ ಎಷ್ಟು ದರ, ಯಾವ ದಿನ ಯಾವ ಪಲ್ಯ, ತಡವಾದರೆ ಎಷ್ಟು ದಂಡ ಎಂಬುದೆಲ್ಲ ಒಪ್ಪಂದದಲ್ಲಿ ವಿವರವಾಗಿ ಇರುತ್ತದೆ. ಒಲೆಯೇ ಹೊತ್ತದ ದಿನ ಯಾರು ಏನು ಮಾಡಬೇಕೆಂಬುದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಪಾಳಿಯ ವಿರಾಮವೇ ಇಲ್ಲಿ ಗಡುವು. ಸತತ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂಬುದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದ ನಿಯಮ. ಆ ಅರ್ಧ ಗಂಟೆಗೆ ಒದಗದ ಊಟ ಆಮೇಲೆ ಬಂದು ಪ್ರಯೋಜನವಿಲ್ಲ. ಬೆಳಗಿನ ಪಾಳಿಗೆಂದು ನಸುಕಿನಲ್ಲೇ ಹಳ್ಳಿಯಿಂದ ಬಸ್ಸು ಹತ್ತಿದ ಹೆಣ್ಣುಮಗಳು ಮನೆಯಲ್ಲಿ ಏನೂ ತಿಂದಿರುವುದಿಲ್ಲ; ಅವಳ ಒಂದು ಊಟ ತಪ್ಪುವುದನ್ನು ಸಣ್ಣ ಅಡಚಣೆಯೆಂದು ನಾನು ಒಪ್ಪುವುದಿಲ್ಲ. ಬದಲಿ ಊಟ ಮಾಡಿ ಕಳಿಸಲು ಹೊರಗಿನ ಅಡುಗೆಮನೆಗೆ ಮೂರೂವರೆ ಗಂಟೆ ಬೇಕಾದರೆ, 12.30ರ ಊಟದ ತೀರ್ಮಾನ 9 ಗಂಟೆಗೇ ಆಗಿಬಿಡಬೇಕು.

ಅನಿಲದ ಕೊರತೆಗೆ ಮುಂಚಿತವಾಗಿ ಸಿದ್ಧರಾಗುವುದು ಕಷ್ಟವಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್ ಆಗಿ ಸಾಗಣೆ ನಿಲ್ಲುವುದನ್ನು ನಾವು 2018ರಲ್ಲೂ ಕಂಡಿದ್ದೇವೆ, ಆಮೇಲೂ ಕಂಡಿದ್ದೇವೆ. ಜೂನ್‌ಗೆ ಮೊದಲೇ ಹೆಚ್ಚುವರಿ ಸಿಲಿಂಡರ್ ಇರಿಸಿಕೊಳ್ಳಬಹುದು, ಆದರೆ ದಾಸ್ತಾನು 100 ಕೆ.ಜಿ. ಮೀರಿದರೆ ಪರವಾನಗಿ ಬೇಕು. ನೀರಿನ ವಿಷಯದಲ್ಲಿ ಇಂಥ ಹೊಂದಾಣಿಕೆ ಸಲ್ಲದು. ಕೈ ಮತ್ತು ಪಾತ್ರೆ ತೊಳೆಯಲು ಶುದ್ಧ ನೀರಿಲ್ಲದ ಅಡುಗೆಮನೆಯನ್ನು ಆ ಹೊತ್ತಿಗೆ ಮುಚ್ಚಿ, ಹೊರಗಿನಿಂದ ಊಟ ತರಿಸಬೇಕು.

ಜನರ ಕೊರತೆ ಇನ್ನೂ ಸೂಕ್ಷ್ಮವಾದದ್ದು. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ ಊರಿನ ರಸ್ತೆಗಳು ಕಿಕ್ಕಿರಿಯುತ್ತವೆ, ಅಡುಗೆಯವರೂ ರಜೆ ಕೇಳುತ್ತಾರೆ. ನೂರಾರು ಜನಕ್ಕೆ ಮುದ್ದೆ ಮಾಡುವ ಕೈ ಎಲ್ಲರದ್ದೂ ಅಲ್ಲ: ಎಸರು ಕುದಿಯುವಾಗ ಹಿಟ್ಟು ಸುರಿದು, ಅದು ಬೇಯುವವರೆಗೆ ಕಾದು, ಗಂಟಿಲ್ಲದಂತೆ ಕೋಲಿನಲ್ಲಿ ತಿರುವಿ, ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಆ ಕೆಲಸ ಬಲ್ಲವರು ಬಾರದ ದಿನ ಬಡಿಸುವ ಹುಡುಗರಿಂದ ಮಾಡಿಸಿದ ಮುದ್ದೆಯ ಒಳಗೆ ಹಸಿ ಹಿಟ್ಟು ಉಳಿಯುತ್ತದೆ, ಅದು ತಟ್ಟೆಯಿಂದ ನೇರವಾಗಿ ಕಸದ ಡ್ರಮ್ಮಿಗೆ ಹೋಗುತ್ತದೆ. ಅಂಥ ದಿನ ಅನ್ನ, ಬೇಳೆಸಾರು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಎಂಬಷ್ಟಕ್ಕೆ ಇಳಿಯುವ ಅಧಿಕಾರ ಕ್ಯಾಂಟೀನ್ ಮೇಲ್ವಿಚಾರಕರಿಗೇ ಇರಬೇಕು, ಅದರ ದರವೂ ಮೊದಲೇ ಗೊತ್ತಾಗಿರಬೇಕು.

ಪರ್ಯಾಯ ಅಡುಗೆಮನೆಯ ಹೆಸರನ್ನು ಕಾಗದದಲ್ಲಿ ಬರೆದಿಟ್ಟರೆ ಸಾಲದು. ಅದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಇದೆಯೇ, ಅಲ್ಲಿಂದ ಬಂದ ಸಾರು ಗೇಟಿನಲ್ಲಿ ಥರ್ಮಾಮೀಟರ್ ಇಟ್ಟಾಗ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದೆಯೇ ಎಂಬುದನ್ನು ಮಾಮೂಲಿ ದಿನವೊಂದರಲ್ಲಿ ನಿಜವಾಗಿ ಊಟ ತರಿಸಿಯೇ ತಿಳಿಯಬೇಕು. ಎರಡೂ ಅಡುಗೆಮನೆಗಳು ಒಂದೇ ಅಂಗಡಿಯ ಬೇಳೆಯನ್ನು, ಒಂದೇ ಟ್ಯಾಂಕರಿನ ನೀರನ್ನು ಬಳಸುತ್ತಿದ್ದರೆ, ಆಹಾರ ವಿಷವಾದ ಶಂಕೆಯಲ್ಲಿ ಒಂದನ್ನು ಮುಚ್ಚಿದಾಗ ಇನ್ನೊಂದನ್ನೂ ನಂಬುವಂತಿಲ್ಲ.

ಇಷ್ಟೆಲ್ಲ ಸಿದ್ಧತೆಯನ್ನೂ ಕೆಡಿಸುವುದು ದಂಡದ ಷರತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊರತೆಯನ್ನು ಒಪ್ಪಿಕೊಂಡ ಕ್ಷಣವೇ ಬಿಲ್ಲಿನಲ್ಲಿ ಹಣ ಕಡಿತವಾಗುವುದಾದರೆ, ಗುತ್ತಿಗೆದಾರರು 'ಇನ್ನೇನು ಗ್ಯಾಸ್ ಬರುತ್ತದೆ' ಎನ್ನುತ್ತಲೇ 11 ಗಂಟೆಯವರೆಗೆ ದೂಡುತ್ತಾರೆ. ಅಷ್ಟರಲ್ಲಿ ಬದಲಿ ಊಟ ತರಿಸುವ ಹೊತ್ತು ಮೀರಿರುತ್ತದೆ. ಆದ್ದರಿಂದ ದಂಡವನ್ನು ಕೊರತೆಗೆ ವಿಧಿಸದೆ ಮುಚ್ಚಿಟ್ಟದ್ದಕ್ಕೆ ವಿಧಿಸಬೇಕು: 9 ಗಂಟೆಯೊಳಗೆ ತಿಳಿಸಿದರೆ ದಂಡವಿಲ್ಲ, ಬದಲಿ ಊಟದ ಹೆಚ್ಚುವರಿ ವೆಚ್ಚವನ್ನು ಇಬ್ಬರೂ ಇಂತಿಷ್ಟೆಂದು ಹಂಚಿಕೊಳ್ಳುತ್ತಾರೆ, ಆಮೇಲೆ ತಿಳಿಸಿದರೆ ಪೂರ್ತಿ ಗುತ್ತಿಗೆದಾರರದ್ದೇ. ಕರೆ ಸ್ವೀಕರಿಸಿ ಅಲ್ಲೇ ಒಪ್ಪಿಗೆ ಕೊಡಬಲ್ಲ ಅಧಿಕಾರಿಯ ಹುದ್ದೆಯನ್ನೂ, ರಾತ್ರಿ ಪಾಳಿಯಲ್ಲಿ ಅವರ ಬದಲಿಗೆ ಇರುವವರ ಹುದ್ದೆಯನ್ನೂ ಅದೇ ಷರತ್ತಿನಲ್ಲಿ ನಮೂದಿಸಬೇಕು.